ಹಾಸನದ ಆ ನಲವತ್ತು ದಿನ: ಪತ್ರಿಕೆ ತಪ್ಪು ಮಾಡಿದರೆ ಕಿವಿ ಹಿಂಡುವವರು ಯಾರು?

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕು. ನಮ್ಮ ದೊಡ್ಡಪ್ಪ ಎರಡು ವಾರದ ಹಿಂದೆ ತೀರಿಕೊಂಡರು. ಅವರಿಗೆ ಆರು ವರ್ಷದಿಂದ ಶ್ವಾಸಕೋಶದ ಕಾಯಿಲೆ ಇತ್ತು, ಆಸ್ಪತ್ರೆ ಚೀಟಿಗಳೆಲ್ಲ ಇವೆ. ಮಾರನೇ ದಿನ ಒಂದು ಪತ್ರಿಕೆಯಲ್ಲಿ "ಹೃದಯಾಘಾತಕ್ಕೆ ಮತ್ತೊಂದು ಬಲಿ" ಅಂತ ಫೋಟೊ ಸಮೇತ ಬಂತು. ಒಂದು ಟಿವಿ ಚಾನೆಲ್‌ನಲ್ಲೂ ಓಡಿತು. ಯೂಟ್ಯೂಬ್ ಚಾನೆಲ್‌ನವನೊಬ್ಬ ಮನೆ ಮುಂದೆ ಹೆಣ ಇಟ್ಟಿದ್ದನ್ನೇ ವಿಡಿಯೊ ಮಾಡಿ ಹಾಕಿದ. ಫೋನ್ ಮಾಡಿದರೆ "ನೋಡ್ತೀವಿ ಸಾರ್" ಅಂದರು, ಅಷ್ಟೇ. ಇಂಥವರ ಲೈಸೆನ್ಸನ್ನು ಸರ್ಕಾರ ಯಾಕೆ ಕಿತ್ತುಕೊಳ್ಳಬಾರದು? ಮಾಧ್ಯಮದವರೇ ಮಾಧ್ಯಮದವರನ್ನು ನೋಡಿಕೊಳ್ಳುತ್ತಾರೆ ಅನ್ನೋದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗಲ್ವಾ?

ಉತ್ತರ: ಬೇಲಿಯ ಮಾತು ಅರ್ಧ ಸರಿ. ಆದರೆ ಬೇಲಿ ಮೇಯುತ್ತದೆ ಅಂತ, ನಿಮ್ಮ ಬದುವಿನ ಮೇಲೆ ಕಣ್ಣಿಟ್ಟಿರುವ ಪಕ್ಕದ ಹೊಲದವನನ್ನೇ ಕಾವಲಿಗೆ ಕೂರಿಸುತ್ತೀರಾ? ಸರ್ಕಾರದ ಬಗ್ಗೆ ನನ್ನ ತಕರಾರು ಅದು. ಇದನ್ನು ಬಿಡಿಸಿ ಹೇಳೋಕೆ ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ಹಾಸನದಲ್ಲೇ ನಡೆದದ್ದು ಸಾಕು.

2025ರ ಮೇ ಕೊನೆ ಮತ್ತು ಜೂನ್ ತಿಂಗಳು ನೆನಪಿದೆಯಲ್ಲ. ಸುಮಾರು 40 ದಿನದಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅನ್ನೋ ಸುದ್ದಿ. ದಿನಾ ಬೆಳಿಗ್ಗೆ ಒಂದು ಸಂಖ್ಯೆ. ನಿನ್ನೆ 18, ಇವತ್ತು 20, ನಾಳೆ 22. ಕ್ರಿಕೆಟ್ ಸ್ಕೋರ್ ಹಾಕಿದ ಹಾಗೆ. ಮೂವತ್ತು ದಾಟದ ಹುಡುಗರು ಎದೆ ಹಿಡಿದುಕೊಂಡು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ನಿಜವಾಗಿ ಹೃದಯದ ತೊಂದರೆ ಇದ್ದವರು ಆ ಸಾಲಿನ ಹಿಂದೆ ಸಿಕ್ಕಿಕೊಂಡರು.

ಆಗ ಯಾರೂ ಮಾಡದ ಒಂದು ಲೆಕ್ಕ ಇದೆ. ನಾನೂ ಆಮೇಲೆ ಮಾಡಿದ್ದು, ಆಗಲೇ ಮಾಡಲಿಲ್ಲವಲ್ಲ ಅಂತ ನಾಚಿಕೆಯಾಯಿತು. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು ಆರು ಮಂದಿ ಸಾಯುತ್ತಾರೆ. ಗುಣಿಸಿ ನೋಡಿ. ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರದ ಮೇಲೆ ಸಾವು, ದಿನಕ್ಕೆ ಹೆಚ್ಚುಕಮ್ಮಿ 29. ದೇಶದಲ್ಲಿ ಆಗುವ ಸಾವುಗಳಲ್ಲಿ ಸುಮಾರು ಕಾಲು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ. ಅಂದರೆ ಯಾವ ಗಲಾಟೆಯೂ ಇಲ್ಲದ ಮಾಮೂಲಿ ದಿನದಲ್ಲೇ ಜಿಲ್ಲೆಯಲ್ಲಿ ಏಳು ಜನ ಆ ಕಾರಣಕ್ಕೆ ಸಾಯುತ್ತಾರೆ. 40 ದಿನಕ್ಕೆ ಸುಮಾರು 290. ಈಗ ಆ "20ಕ್ಕೂ ಹೆಚ್ಚು" ಅನ್ನೋದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆ ಸಂಖ್ಯೆ ಸುಳ್ಳು ಅಂತಲ್ಲ. ಅದು ಒಂಟಿಯಾಗಿ ಏನನ್ನೂ ಹೇಳುತ್ತಿರಲಿಲ್ಲ. "ಸತ್ತವರಲ್ಲಿ ಚಿಕ್ಕ ವಯಸ್ಸಿನವರು ಜಾಸ್ತಿ ಇದ್ದರಲ್ಲ" ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಹಾಗಾದರೆ ಹೋದ ವರ್ಷ ಇದೇ ತಿಂಗಳಲ್ಲಿ ಚಿಕ್ಕ ವಯಸ್ಸಿನವರು ಎಷ್ಟು ಮಂದಿ ಸತ್ತಿದ್ದರು ಅಂತ ಕೇಳಬೇಕಿತ್ತು. ಕೇಳಿದವರು ಕಡಿಮೆ. ಕೇಳಿದ್ದರೂ ತಕ್ಷಣ ಉತ್ತರ ಕೊಡುವ ಸ್ಥಿತಿಯಲ್ಲಿ ಕಚೇರಿಗಳು ಇರಲಿಲ್ಲ.

ಇದು ಮಾಧ್ಯಮದ ತಪ್ಪು. ಇನ್ನು ಸರ್ಕಾರದ ಕಡೆ ನೋಡಿ. ಅದೇ ಜೂನ್‌ನಲ್ಲಿ ರಾಜ್ಯ ಸರ್ಕಾರದ ಒಂದು ಕರಡು ಮಸೂದೆ ಹೊರಗೆ ಬಂತು. ಸುಳ್ಳು ಸುದ್ದಿ ಹರಡಿದರೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಯಾವುದು ಸುಳ್ಳು ಅಂತ ನೋಡೋಕೆ ಮಂತ್ರಿಯೊಬ್ಬರು ಅಧ್ಯಕ್ಷರಾಗಿರುವ ಪ್ರಾಧಿಕಾರ. ಗಲಾಟೆ ಆದ ಮೇಲೆ "ಇದು ಬರೀ ಕರಡು" ಅಂದರು. ಕೆಲವೇ ದಿನಗಳಲ್ಲಿ, ಜುಲೈ 1ಕ್ಕೆ, ಸ್ವತಃ ಮುಖ್ಯಮಂತ್ರಿ ಸಿದ್ದರಾಮಯ್ಯ ಹಾಸನದ ಸಾವುಗಳ ಬಗ್ಗೆ ಬರೆಯುತ್ತಾ, ಅವಸರದಲ್ಲಿ ಅನುಮತಿ ಕೊಟ್ಟು ಹಂಚಿದ ಕೋವಿಡ್ ಲಸಿಕೆಯೂ ಕಾರಣ ಇರಬಹುದು ಅಂದರು. ಲಸಿಕೆಗೂ ಹಠಾತ್ ಸಾವಿಗೂ ಸಂಬಂಧ ಇಲ್ಲ ಅಂತ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳು ಹೇಳುತ್ತವೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಮಾರನೇ ದಿನವೇ ಹೇಳಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಹಾಸನದ 24 ಸಾವುಗಳನ್ನು ನೋಡಿತು. ಹೃದಯದ ಸಾವು ದಿಢೀರನೆ ಏರಿಲ್ಲ ಅಂತ ವರದಿ ಕೊಟ್ಟಿತು. ಪಟ್ಟಿಯಲ್ಲಿದ್ದ ಕೆಲವು ಸಾವುಗಳು ಹೃದಯದ ಕಾರಣದ್ದೇ ಆಗಿರಲಿಲ್ಲ. ನಿಮ್ಮ ದೊಡ್ಡಪ್ಪನ ಹೆಸರು ಸೇರಿಕೊಂಡ ಹಾಗೆಯೇ ಅವರ ಹೆಸರುಗಳೂ ಸೇರಿದ್ದವು.

ಈಗ ಹೇಳಿ. ಆ ಕರಡು ಅಷ್ಟು ಹೊತ್ತಿಗೆ ಕಾಯ್ದೆ ಆಗಿದ್ದರೆ ಆ ಪ್ರಾಧಿಕಾರ ಮೊದಲು ಯಾರಿಗೆ ನೋಟಿಸ್ ಕೊಡಬೇಕಿತ್ತು? ನಾನು ಮುಖ್ಯಮಂತ್ರಿಯವರನ್ನು ಆಡಿಕೊಳ್ಳುತ್ತಿಲ್ಲ. ಅವರ ಜಾಗದಲ್ಲಿ ಬೇರೆ ಪಕ್ಷದವರಿದ್ದರೂ ಇನ್ನೊಂದು ರೀತಿ ಎಡವುತ್ತಿದ್ದರು. ಅರ್ಧ ಸುದ್ದಿ ಸರ್ಕಾರದ್ದೇ ಆಗಿರುವಾಗ ಆ ಸುದ್ದಿಗೆ ಅಂಪೈರ್ ಸರ್ಕಾರವೇ ಆಗೋಕೆ ಬರುವುದಿಲ್ಲ.

ಕೇಂದ್ರವೂ ಇದನ್ನೇ ಮಾಡಲು ಹೋಗಿತ್ತು. 2023ರ ಏಪ್ರಿಲ್‌ನಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಕ್ಕೆ ತಿದ್ದುಪಡಿ ತಂದು, ಕೇಂದ್ರದ ಕೆಲಸಗಳ ಬಗ್ಗೆ ಬರುವ ಸುದ್ದಿಯಲ್ಲಿ ಯಾವುದು ಸುಳ್ಳು ಅಂತ ತನ್ನದೇ ಫ್ಯಾಕ್ಟ್ ಚೆಕ್ ಘಟಕ ಹೇಳಲಿ ಅಂದಿತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊಡೆದುಹಾಕಿತು. ನಮ್ಮ ವಿಧಾನಸಭೆ ಇನ್ನೂ ನೇರವಾಗಿ ಮಾಡಿತ್ತು. 2017ರ ಜೂನ್‌ನಲ್ಲಿ ಶಾಸಕರ ಬಗ್ಗೆ ಬರೆದದ್ದು ಹಕ್ಕುಚ್ಯುತಿ ಅಂತ ಇಬ್ಬರು ಪತ್ರಿಕೆ ಸಂಪಾದಕರಿಗೆ ಒಂದು ವರ್ಷ ಜೈಲು, ಹತ್ತು ಸಾವಿರ ದಂಡ. ಆ ಬರಹಗಳು ಒಳ್ಳೆಯವೇ ಕೆಟ್ಟವೇ ಅನ್ನೋದು ಬೇರೆ ಮಾತು. ದೂರು ಕೊಟ್ಟವರೂ ಶಾಸಕರು, ವಿಚಾರಿಸಿದವರೂ ಶಾಸಕರು, ಶಿಕ್ಷೆ ಹೇಳಿದವರೂ ಶಾಸಕರು.

ಲೈಸೆನ್ಸ್ ಕಿತ್ತುಕೊಳ್ಳಿ ಅಂದಿರಿ. ಪತ್ರಿಕೆಗೆ ಲೈಸೆನ್ಸ್ ಅನ್ನೋದೇ ಇಲ್ಲ, ಇರುವುದು ನೋಂದಣಿ. 1867ರ ಹಳೇ ಕಾಯ್ದೆ ಹೋಗಿ, 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದೂ ನೋಂದಣಿಯ ಕಾಯ್ದೆಯೇ. ಟಿವಿ ಚಾನೆಲ್‌ಗೆ ಮಾತ್ರ ಕೇಂದ್ರದ ಅನುಮತಿ ಬೇಕು. ಮಲಯಾಳಂನ ಮೀಡಿಯಾ ಒನ್ ಚಾನೆಲ್‌ಗೆ ಆ ಅನುಮತಿ ನವೀಕರಿಸದೆ ನಿಲ್ಲಿಸಿದಾಗ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಆ ಆದೇಶ ರದ್ದು ಮಾಡಿತು. ಸರ್ಕಾರವನ್ನು ಟೀಕಿಸಿದ ಮಾತ್ರಕ್ಕೆ ಚಾನೆಲ್ ವ್ಯವಸ್ಥೆಯ ವಿರೋಧಿ ಆಗುವುದಿಲ್ಲ ಅಂತಲೂ ಹೇಳಿತು.

ಹಾಗಂತ ಸರ್ಕಾರದ ಕೈಯಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಕಾನೂನಿಗಿಂತ ದೊಡ್ಡ ಹಿಡಿತ ಜಾಹೀರಾತು. ಜಿಲ್ಲಾ ಪತ್ರಿಕೆ ನಡೆಸುವವರನ್ನು ಕೇಳಿ ನೋಡಿ. ಟೆಂಡರ್ ನೋಟಿಸು, ವಾರ್ತಾ ಇಲಾಖೆಯ ಜಾಹೀರಾತು, ಹಬ್ಬಕ್ಕೆ ಮರಿ ನಾಯಕರ ಶುಭಾಶಯ. ಇಷ್ಟು ನಿಂತರೆ ಪ್ರಿಂಟಿಂಗ್ ಬಿಲ್ ಕಟ್ಟೋಕೂ ಆಗಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಈಗ ನಿಮ್ಮ ಬೇಲಿಗೆ ಬರೋಣ, ಯಾಕೆಂದರೆ ಅದೂ ಮೇಯ್ದಿದೆ. ಪತ್ರಿಕೆಗಳ ಮೇಲಿನ ದೂರು ಕೇಳೋಕೆ ಇರುವುದು ಪ್ರೆಸ್ ಕೌನ್ಸಿಲ್. ಮೊದಲ ಪತ್ರಿಕಾ ಆಯೋಗದ ಶಿಫಾರಸಿನ ಮೇಲೆ 1966ರಲ್ಲಿ ಬಂತು. ತುರ್ತು ಪರಿಸ್ಥಿತಿಯಲ್ಲಿ ಅದನ್ನೇ ಮುಚ್ಚಿದರು. 1978ರ ಕಾಯ್ದೆಯಿಂದ ಮತ್ತೆ ಹುಟ್ಟಿತು. ಅಧ್ಯಕ್ಷರು ಸಾಮಾನ್ಯವಾಗಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಸದಸ್ಯರು 28. ಅದರಲ್ಲಿ ಸಂಪಾದಕರೂ ಸೇರಿ 13 ಪತ್ರಕರ್ತರು, 6 ಮಾಲೀಕರು, 5 ಸಂಸದರು, ಉಳಿದವರು ಬೇರೆ. ಹಾಗಾಗಿ ಇದು ಪೂರ್ತಿ ಸ್ವಯಂ ನಿಯಂತ್ರಣವೂ ಅಲ್ಲ, ಪೂರ್ತಿ ಸರ್ಕಾರಿ ಸಂಸ್ಥೆಯೂ ಅಲ್ಲ. ಕಾನೂನು ಸರ್ಕಾರದ್ದು, ಕೂರುವವರು ಬಹುಪಾಲು ಪತ್ರಿಕೆಯವರು. ಈ ಮಿಶ್ರಣ ನನಗೇನೋ ಸರಿಯೇ ಅನಿಸುತ್ತದೆ. ತೊಂದರೆ ಇರುವುದು ಅದರ ಹಲ್ಲಿನಲ್ಲಿ. ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ಅಷ್ಟೇ. ದಂಡ ಇಲ್ಲ, ಪರಿಹಾರ ಇಲ್ಲ.

ಹಲ್ಲು ಇಲ್ಲದ್ದು ಒಂದಾದರೆ, ಇದ್ದ ಬಾಯಿಯನ್ನೇ ಮುಚ್ಚಿಕೊಂಡಿದ್ದು ಇನ್ನೊಂದು. 2009ರ ಲೋಕಸಭಾ ಚುನಾವಣೆಯಲ್ಲಿ ಪತ್ರಿಕೆಗಳು ಅಭ್ಯರ್ಥಿಗಳ ಹತ್ತಿರ ದುಡ್ಡು ತಗೊಂಡು ಜಾಹೀರಾತನ್ನೇ ಸುದ್ದಿ ಅಂತ ಹಾಕಿದವು. ಕಾಸಿಗಾಗಿ ಸುದ್ದಿ ಅಂತ ಆಗ ಗದ್ದಲ ಎದ್ದಿತ್ತು. ಪ್ರೆಸ್ ಕೌನ್ಸಿಲ್ ಇಬ್ಬರ ಉಪಸಮಿತಿ ಮಾಡಿತು. ಅವರು ಪತ್ರಿಕೆಗಳ ಹೆಸರು ಹೇಳಿಯೇ ವರದಿ ಬರೆದರು. 2010ರಲ್ಲಿ ಕೌನ್ಸಿಲ್ ಹೆಸರುಗಳನ್ನೆಲ್ಲ ಬಿಟ್ಟು ಚಿಕ್ಕದೊಂದು ವರದಿ ಹೊರಗೆ ಬಿಟ್ಟಿತು. ಮಾಲೀಕರ ಕಡೆಯವರ ವಿರೋಧ ಜೋರಿತ್ತು. ಪೂರ್ತಿ ವರದಿ ಜನರ ಕೈಗೆ ಬಂದದ್ದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗ ಆದೇಶ ಮಾಡಿದ ಮೇಲೆ. ನೀವು ಬೇಲಿ ಅಂದಾಗ ನನಗೆ ನೆನಪಾದದ್ದು ಇದೇ.

ಟಿವಿ ಸುದ್ದಿ ಚಾನೆಲ್‌ಗಳದ್ದು ಅವರವರೇ ಕಟ್ಟಿಕೊಂಡ ಸಂಸ್ಥೆ, ಎನ್‌ಬಿಡಿಎಸ್‌ಎ ಅಂತ. 2008ರಿಂದ ಇದೆ, ಮುಖ್ಯಸ್ಥರು ನಿವೃತ್ತ ನ್ಯಾಯಮೂರ್ತಿ. ಕ್ಷಮೆ ಕೇಳಿಸಬಹುದು, ವಿಡಿಯೊ ತೆಗೆಸಬಹುದು, ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಒಂದು ಲಕ್ಷ ಯಾವ ಚಾನೆಲ್‌ಗೆ ತಾಗುತ್ತದೆ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಕೇಳಿತು. ಸದಸ್ಯರಲ್ಲದ ಚಾನೆಲ್ ಮೇಲೆ ಅದರ ಮಾತು ನಡೆಯುವುದೂ ಇಲ್ಲ.

ಬ್ರಿಟನ್ನಿನಲ್ಲಿ ಇದೇ ಜಗಳ ಬೇರೆ ಥರ ನಡೆಯಿತು. ಅಲ್ಲಿ ಒಂದು ವಾರಪತ್ರಿಕೆ ಕೊಲೆಯಾದ ಹುಡುಗಿಯ ಫೋನ್ ಸಂದೇಶಗಳನ್ನು ಕದ್ದು ಕೇಳಿತ್ತು. 2011ರಲ್ಲಿ ಆ ಪತ್ರಿಕೆಯೇ ಮುಚ್ಚಿತು. ನ್ಯಾಯಮೂರ್ತಿ ಲೆವೆಸನ್ 2012ರಲ್ಲಿ ಭಾರೀ ವರದಿ ಕೊಟ್ಟರು. ಪತ್ರಿಕೆಗಳನ್ನು ಸ್ವತಂತ್ರ ಸಂಸ್ಥೆ ನೋಡಿಕೊಳ್ಳಲಿ, ಆ ಸಂಸ್ಥೆ ನೆಟ್ಟಗಿದೆಯೇ ಅಂತ ಮಾತ್ರ ಕಾನೂನಿನ ಬೆಂಬಲ ಇರುವ ಇನ್ನೊಬ್ಬರು ನೋಡಲಿ ಅನ್ನೋದು ಅವರ ಉಪಾಯ. ದೊಡ್ಡ ಪತ್ರಿಕೆಗಳು ಒಪ್ಪಲಿಲ್ಲ. ತಮ್ಮದೇ ಸಂಸ್ಥೆ ಮಾಡಿಕೊಂಡವು. ಅವುಗಳನ್ನು ದಾರಿಗೆ ತರೋಕೆ ಬರೆದಿದ್ದ ಕಾನೂನಿನ ಕಲಮು ಒಂದು ದಿನವೂ ಜಾರಿಗೆ ಬರದೆ 2024ರಲ್ಲಿ ರದ್ದಾಯಿತು. ಅಷ್ಟು ಹಳೇ ಪ್ರಜಾಪ್ರಭುತ್ವದಲ್ಲೂ ಇದು ಬಗೆಹರಿದಿಲ್ಲ.

ಸರಿ, ನೀವು ಏನು ಮಾಡಬಹುದು? ಫೋನ್ ಮಾಡಬೇಡಿ. ಮಾಡಿದ್ದು ಸಾಕು. ಪತ್ರಿಕೆ ಕಚೇರಿಯಲ್ಲಿ ಫೋನಿಗೆ ಬೆಲೆ ಇಲ್ಲ. ಅದನ್ನು ಎತ್ತುವವನು ಸಂಜೆ ಐದಕ್ಕೆ ಪುಟ ಕಟ್ಟುವ ಒತ್ತಡದಲ್ಲಿರುತ್ತಾನೆ. ಸಂಪಾದಕರ ಹೆಸರಿಗೆ ಕಾಗದ ಬರೆಯಿರಿ, ಸ್ಪೀಡ್ ಪೋಸ್ಟ್‌ನಲ್ಲಿ ಅಥವಾ ಇಮೇಲ್‌ನಲ್ಲಿ. ದಿನಾಂಕ, ಪುಟ, ಶೀರ್ಷಿಕೆ, ತಪ್ಪಾಗಿರುವ ಸಾಲು, ನಿಜ ಏನು, ಅದಕ್ಕೆ ಆಸ್ಪತ್ರೆ ಚೀಟಿಯ ಪ್ರತಿ. ಕೊನೆಗೆ ಒಂದೇ ಬೇಡಿಕೆ: ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ಬೈಗುಳ ಬೇಡ, ಸಂವಿಧಾನವೂ ಬೇಡ. ಒಂದು ಪುಟ ಸಾಕು.

"ಅದೇ ಪುಟದಲ್ಲಿ" ಅನ್ನೋದನ್ನು ಮರೆಯಬೇಡಿ. ಇದನ್ನು ನಾನು ಕಲಿತದ್ದು ಒಬ್ಬ ಓದುಗರಿಂದ. ಆಗ ನಾನು ಇಲ್ಲೇ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ಕಳವಿನ ಸುದ್ದಿಗೆ ಆರೋಪಿಯ ಫೋಟೊ ಬದಲು ದೂರು ಕೊಟ್ಟವರ ತಮ್ಮನ ಫೋಟೊ ಹೋಯಿತು. ಮೊದಲ ಪುಟ, ಮೂರು ಕಾಲಂ. ಬೆಳಿಗ್ಗೆ ಏಳಕ್ಕೇ ಆ ಫೋಟೊದಲ್ಲಿದ್ದವರು ಬಂದು ಬಾಗಿಲಲ್ಲಿ ನಿಂತಿದ್ದರು. ಕೂಗಾಡಲಿಲ್ಲ. ನಾವು ಮಾರನೇ ದಿನ ಆರನೇ ಪುಟದಲ್ಲಿ ಕಾಫಿ, ಮೆಣಸಿನ ಧಾರಣೆಯ ಕೆಳಗೆ ನಾಲ್ಕು ಸಾಲು ಹಾಕಿ "ವಿಷಾದಿಸುತ್ತೇವೆ" ಅಂದೆವು. ಅವರು ಮತ್ತೆ ಬಂದರು. ಎರಡೂ ಪತ್ರಿಕೆ ಮೇಜಿನ ಮೇಲೆ ಪಕ್ಕ ಪಕ್ಕ ಹರಡಿದರು. "ಕಳ್ಳ ಅಂದಿದ್ದು ಇಷ್ಟಗಲ. ಅಲ್ಲ ಅಂದಿದ್ದು ಇಷ್ಟು" ಅಂತ ಬೆರಳಲ್ಲಿ ಅಳೆದು ತೋರಿಸಿದರು. ನನಗೆ ಮಾತು ಬರಲಿಲ್ಲ. ಮೂರನೇ ದಿನ ಅವರ ಫೋಟೊ ಮತ್ತೆ ಮೊದಲ ಪುಟದಲ್ಲಿ ಬಂತು, ತಪ್ಪೊಪ್ಪಿಗೆ ಜೊತೆಗೆ. ಮಾಲೀಕರಿಗೆ ಅದು ಸ್ವಲ್ಪವೂ ಇಷ್ಟವಾಗಿರಲಿಲ್ಲ.

ನಿಮ್ಮ ಕಾಗದಕ್ಕೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಪ್ರೆಸ್ ಕೌನ್ಸಿಲ್‌ಗೆ ಹೋಗಿ. ಮೊದಲು ಸಂಪಾದಕರಿಗೆ ಬರೆದಿರಬೇಕು, ಅದರ ಪ್ರತಿ ಇರಬೇಕು, ಇಲ್ಲದಿದ್ದರೆ ಅವರು ದೂರು ಮುಟ್ಟುವುದೇ ಇಲ್ಲ. ದಿನಪತ್ರಿಕೆ, ವಾರಪತ್ರಿಕೆ ಆದರೆ ಸುದ್ದಿ ಬಂದ ಎರಡು ತಿಂಗಳೊಳಗೆ ದೂರು ಕೊಡಬೇಕು. ನಿಮಗೆ ಇನ್ನೂ ಒಂದೂವರೆ ತಿಂಗಳು ಇದೆ. ಶುಲ್ಕ ಇಲ್ಲ. ಇದೇ ವಿಷಯ ಯಾವ ಕೋರ್ಟಿನಲ್ಲೂ ಇಲ್ಲ ಅಂತ ಬರೆದು ಸಹಿ ಹಾಕಬೇಕು. ಸುದ್ದಿಯ ಕಟಿಂಗ್ ಜೊತೆ ಅದರ ಇಂಗ್ಲಿಷ್ ಅನುವಾದವನ್ನೂ ಇಡಬೇಕು. ಕನ್ನಡದಲ್ಲಿ ಬೈಸಿಕೊಂಡವನು ಇಂಗ್ಲಿಷಿನಲ್ಲಿ ಅಳಬೇಕು, ಇದು ನನಗೆ ಮೊದಲಿಂದಲೂ ಸಿಟ್ಟು. ಊರಿನ ಮೇಷ್ಟ್ರೊಬ್ಬರ ಕೈಲಿ ಮಾಡಿಸಿ, ಸಾಕು.

ಟಿವಿಯದ್ದು ಸ್ವಲ್ಪ ತಡವಾಗಿದೆ. ಎನ್‌ಬಿಡಿಎಸ್‌ಎ ನಿಯಮದಲ್ಲಿ ಪ್ರಸಾರವಾದ ಏಳು ದಿನದೊಳಗೆ ಚಾನೆಲ್‌ಗೆ ದೂರು ಹೋಗಬೇಕು. ಆದರೂ ಕಳಿಸಿ, ಸೂತಕದ ಮನೆಯಲ್ಲಿದ್ದೆವು ಅಂತ ತಡದ ಕಾರಣ ಬರೆಯಿರಿ. 2021ರಲ್ಲಿ ಬದಲಾದ ಕೇಬಲ್ ಟಿವಿ ನಿಯಮದ ಪ್ರಕಾರ ಚಾನೆಲ್ ನಿಮ್ಮ ದೂರು ಸಿಕ್ಕಿತು ಅಂತ 24 ಗಂಟೆಯಲ್ಲಿ ಹೇಳಬೇಕು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಆಮೇಲೆ ಅವರ ಸ್ವಯಂ ನಿಯಂತ್ರಣ ಸಂಸ್ಥೆ, ಕೊನೆಗೆ ಕೇಂದ್ರ ಸರ್ಕಾರ. ಆ ಕೊನೆಯ ಮೆಟ್ಟಿಲು ನನಗೆ ಯಾಕೆ ಇಷ್ಟವಿಲ್ಲ ಅಂತ ಮೇಲೆ ಹೇಳಿದ್ದೇನೆ. ಮೊದಲ ಮೆಟ್ಟಿಲಲ್ಲೇ ಮುಗಿಯುವ ಸಾಧ್ಯತೆ ಇದೆ.

ಯೂಟ್ಯೂಬ್‌ನವನು ಯಾವ ಮಂಡಳಿಗೂ ಸೇರಿದವನಲ್ಲ. ಮೈಕಿಗೊಂದು ಲೋಗೋ ಸಿಕ್ಕಿಸಿಕೊಂಡರೆ ಚಾನೆಲ್ ಆಯಿತು. ಅವನ ಜೊತೆ ವಾದ ಬೇಡ, ಯೂಟ್ಯೂಬ್ ಕಂಪನಿಯ ಕುಂದುಕೊರತೆ ಅಧಿಕಾರಿಗೇ ಬರೆಯಿರಿ. ಅಲ್ಲೂ 24 ಗಂಟೆಯಲ್ಲಿ ಸ್ವೀಕೃತಿ, ಆಮೇಲೆ ನಿಗದಿತ ದಿನದೊಳಗೆ ತೀರ್ಮಾನ. ಸತ್ತವರ ಹತ್ತಿರದ ಸಂಬಂಧಿ ಅಂತ ಹೇಳಿ, ವಿಡಿಯೊ ಲಿಂಕ್ ಮತ್ತು ಹೆಣ ಕಾಣುವ ನಿಮಿಷ, ಸೆಕೆಂಡು ಕೊಡಿ. ದೊಡ್ಡಮ್ಮನ ಸಹಿ ಇದ್ದರೆ ಇನ್ನೂ ಒಳ್ಳೆಯದು. ಒಪ್ಪದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಮಾನನಷ್ಟದ ಕೇಸು ಹಾಕಿ ಅಂತ ಯಾರಾದರೂ ವಕೀಲರು ಹೇಳಬಹುದು. ಬೇಡ. ಸತ್ತವರ ಹೆಸರು ಕೆಡಿಸಿದರೂ ಮಾನನಷ್ಟ ಆಗುತ್ತದೆ, ನಿಜ. ಆದರೆ ಹೃದಯಾಘಾತದಿಂದ ಸತ್ತರು ಅನ್ನೋದು ಯಾರ ಮಾನವನ್ನೂ ತೆಗೆಯುವುದಿಲ್ಲ. ಅದು ಸುಳ್ಳು ಮಾತ್ರ. ಸುಮ್ನೆ ಕೋರ್ಟಿಗೆ ಅಲೆಯುತ್ತೀರಿ, ಮೇಲಾಗಿ ಪ್ರೆಸ್ ಕೌನ್ಸಿಲ್ ಬಾಗಿಲೂ ಮುಚ್ಚಿಹೋಗುತ್ತದೆ.

ಸರ್ಕಾರ ದೂರವೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಕೆಲವು ಕಡೆ ಕಾನೂನೇ ಬೇಕು. ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಗೆ ಹಾಕುವುದು ಅಪರಾಧ, ಅದನ್ನು ಪತ್ರಿಕೆಯ ಒಳ್ಳೆಯತನಕ್ಕೆ ಬಿಡಬಾರದು. 2024ರ ಏಪ್ರಿಲ್‌ನಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಜಿಲ್ಲೆಯಲ್ಲಿ ಹರಿದಾಡಿದಾಗ ಎಷ್ಟು ಹೆಂಗಸರ ಬಾಳು ಮೊಬೈಲಿಂದ ಮೊಬೈಲಿಗೆ ಹೋಯಿತು ಅಂತ ನಿಮಗೂ ಗೊತ್ತು. ಆ ವಿಡಿಯೊ ಹಂಚುವುದೇ ಅಪರಾಧ ಅಂತ ತನಿಖಾ ತಂಡ ಎಚ್ಚರಿಕೆ ಕೊಡಬೇಕಾಯಿತು. ಅಲ್ಲಿ ಯಾವ ಪತ್ರಿಕಾ ಮಂಡಳಿಯೂ ಏನೂ ಮಾಡಲಾರದು, ಪೊಲೀಸರೇ ಬೇಕು.

ಸರ್ಕಾರ ಮಾಡಬೇಕಾದ ಇನ್ನೊಂದು ಕೆಲಸ ಜೈಲಿಗಿಂತ ಅಗ್ಗದ್ದು. ಜೂನ್ ಎರಡನೇ ವಾರದಲ್ಲೇ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಿಂದ ದಿನಾ ಸಂಜೆ ಒಂದು ಹಾಳೆ ಬಂದಿದ್ದರೆ? ಇಂದು ಇಷ್ಟು ಸಾವು, ಹೋದ ವರ್ಷ ಇದೇ ದಿನ ಇಷ್ಟು, ಇಂಥ ವಯಸ್ಸಿನವರು, ಕಾರಣ ಗೊತ್ತಾದದ್ದು ಇಷ್ಟು. ನಾಲ್ಕು ಸಾಲು. ಡೆಸ್ಕ್‌ನಲ್ಲಿ ಕೂತವನ ಕೈಗೆ ಆ ಹಾಳೆ ಇದ್ದರೆ "ಮತ್ತೊಂದು ಬಲಿ" ಅಂತ ಬರೆಯೋಕೆ ಕೈ ಸ್ವಲ್ಪ ತಡೆಯುತ್ತದೆ. ಇಲ್ಲದಿದ್ದರೆ ತಾಲ್ಲೂಕಿನ ಸುದ್ದಿಗಾರ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಎರಡು ಸಾಲು, ಒಂದು ಫೋಟೊ, ಅದೇ ಸುದ್ದಿ. ಆ ಸುದ್ದಿಗಾರನಿಗೆ ಹೆಚ್ಚಿನ ಕಡೆ ಸಂಬಳವೂ ಇಲ್ಲ. ಸುದ್ದಿಗಿಷ್ಟು, ಜಾಹೀರಾತು ತಂದರೆ ಕಮಿಷನ್. ನಿಮ್ಮ ದೊಡ್ಡಪ್ಪನ ಮನೆಗೆ ಬಂದು ಎರಡು ಪ್ರಶ್ನೆ ಕೇಳುವಷ್ಟು ಪೆಟ್ರೋಲ್ ಖರ್ಚೂ ಅವನಿಗೆ ಹುಟ್ಟುವುದಿಲ್ಲ. ಇದು ಅವನಿಗೆ ಕ್ಷಮೆಯಲ್ಲ. ಆದರೆ ಕಾಗದವನ್ನು ಅವನ ಹೆಸರಿಗೆ ಬರೆಯದೆ ಸಂಪಾದಕರ ಹೆಸರಿಗೆ ಬರೆಯಿರಿ ಅಂದದ್ದು ಇದಕ್ಕೇ.

ಕಾಗದವನ್ನು ಈ ವಾರವೇ ಹಾಕಿ. ಅಂಚೆ ರಸೀದಿಯನ್ನು ಆಸ್ಪತ್ರೆ ಚೀಟಿಗಳ ಜೊತೆಯಲ್ಲೇ ಇಟ್ಟುಕೊಳ್ಳಿ, ಕೌನ್ಸಿಲ್‌ಗೆ ಬರೆಯುವಾಗ ಎರಡೂ ಬೇಕಾಗುತ್ತವೆ.